ಮಾತ್ರೆ ನಿಲ್ಲಿಸಲು ಕಲಿತ ವೈದ್ಯರು ಬೇಕು

ಹೋದ ವರ್ಷ ನಮ್ಮ ಔಷಧ ಅಂಗಡಿಗೆ ಬಂದ ಒಂದು ಚೀಟಿಯ ಜೆರಾಕ್ಸ್ ಪ್ರತಿಯನ್ನು, ಮನೆಯವರ ಒಪ್ಪಿಗೆ ಕೇಳಿ, ನಾನು ಇಟ್ಟುಕೊಂಡಿದ್ದೇನೆ. ಎಂಬತ್ತು ದಾಟಿದ ತೆಂಗಿನ ತೋಟದ ಯಜಮಾನರೊಬ್ಬರನ್ನು ಬೆಂಗಳೂರಿನಲ್ಲಿರುವ ಮಗಳು ಅಲ್ಲಿನ ವೃದ್ಧರೋಗ ತಜ್ಞೆಯೊಬ್ಬರ ಬಳಿ ಕರೆದುಕೊಂಡು ಹೋಗಿದ್ದಳು. ಅವರು ಬರೆದುಕೊಟ್ಟ ಚೀಟಿಯಲ್ಲಿ ಎರಡು ಕಲಂ ಇದ್ದವು. ಎಡಗಡೆ ‘ಮುಂದುವರಿಸಿ’ ಎಂದು ನಾಲ್ಕು ಮಾತ್ರೆ. ಬಲಗಡೆ ‘ನಿಲ್ಲಿಸಿ’ ಎಂದು ಏಳು ಮಾತ್ರೆ. ನಿಲ್ಲಿಸಬೇಕಾದ ಪ್ರತಿಯೊಂದರ ಮುಂದೆಯೂ ಯಾಕೆ ನಿಲ್ಲಿಸಬೇಕು, ಒಮ್ಮೆಲೇ ಬಿಡಬೇಕೋ ಅಥವಾ ವಾರವಾರಕ್ಕೆ ಇಳಿಸುತ್ತ ಬರಬೇಕೋ ಎಂಬುದು ಸ್ಪಷ್ಟವಾಗಿ ಬರೆದಿತ್ತು. ಅರಸೀಕೆರೆಯಲ್ಲಿ ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ಚೀಟಿ ಓದುತ್ತ ಬಂದಿರುವ ನಾನು ಅದಕ್ಕೆ ಮೊದಲು ಅಂಥದ್ದೊಂದನ್ನು ನೋಡಿರಲಿಲ್ಲ. ನಮಗೆ ಬರುವ ಚೀಟಿಗಳೆಲ್ಲ ಕೂಡಿಸುವ ಚೀಟಿಗಳೇ.

ಕೂಡಿಸುವುದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ನಮ್ಮದು ರೈಲ್ವೆ ಜಂಕ್ಷನ್ ಊರು. ಹೃದಯಕ್ಕೆ ಬೆಂಗಳೂರು, ಮಂಡಿಗೆ ಹಾಸನ, ಕಣ್ಣಿಗೆ ಶಿವಮೊಗ್ಗ, ನರಕ್ಕೆ ಮೈಸೂರು ಎಂದು ಜನ ಬೆಳಗಿನ ಗಾಡಿ ಹತ್ತಿ ಹೋಗಿ ರಾತ್ರಿಯ ಗಾಡಿಗೆ ಬರುತ್ತಾರೆ. ಬರುವಾಗ ಕೈಯಲ್ಲಿ ಹೊಸ ಚೀಟಿ ಇರುತ್ತದೆ. ಹಳೆಯ ಚೀಟಿಯನ್ನು ಅಲ್ಲಿ ಯಾರೂ ಕೇಳಿರುವುದಿಲ್ಲ. ಕೇಳಿದರೂ ಅದರ ಮೇಲೆ ಕೈಯಿಡುವುದಿಲ್ಲ. ಹಾಗಾಗಿ ನಾಲ್ಕು ಊರಿನ ಮಾತ್ರೆಗಳು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಒಟ್ಟುಗೂಡುತ್ತವೆ. ಆ ಕವರನ್ನು ನನ್ನ ಮುಂದೆ ಸುರಿದು ಹಿರಿಯರು ಕೇಳುತ್ತಾರೆ: “ಇದ್ರಲ್ಲಿ ಯಾವ್ದು ಬಿಡ್ಬೋದು ನೋಡವ್ವಾ, ದುಡ್ಡೂ ಸಾಲ್ತಿಲ್ಲ, ಹೊಟ್ಟೇಲಿ ಜಾಗಾನೂ ಇಲ್ಲ.”

ಬಿಡಿಸುವ ಅಧಿಕಾರ ಫಾರ್ಮಾಸಿಸ್ಟಿಗೆ ಇಲ್ಲ, ಇರಲೂಬಾರದು. ನಾನು ಮಾಡಬಹುದಾದದ್ದು ಫೋನ್ ಒಂದೇ. ಫೋನ್ ಮಾಡಿದರೆ ಸಿಗುವ ಉತ್ತರ ಬಹುತೇಕ ಒಂದೇ ಬಗೆಯದು: “ಅದು ನಾನು ಬರೆದಿದ್ದಲ್ಲಮ್ಮ, ಬರೆದವರನ್ನೇ ಕೇಳಿ.” ಇದರಲ್ಲಿ ಒಬ್ಬ ವೈದ್ಯರ ತಪ್ಪೂ ಇಲ್ಲ. ಹೃದಯದ ವೈದ್ಯರು ಹೃದಯ ನೋಡಿದ್ದಾರೆ, ಮೂಳೆಯ ವೈದ್ಯರು ಮೂಳೆ ನೋಡಿದ್ದಾರೆ. ಇನ್ನೊಬ್ಬರ ಮಾತ್ರೆ ನಿಲ್ಲಿಸಿ ನಾಳೆ ಏನಾದರೂ ಆದರೆ ಹೊಣೆ ಯಾರದು ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಆ ಹೊಣೆಯನ್ನು ಹೊರಲು ಒಬ್ಬರಿಗೆ ತರಬೇತಿ ಕೊಟ್ಟು, ಇದು ನಿನ್ನ ಕೆಲಸ ಎಂದು ಕೂರಿಸಬೇಕು. ಜೆರಿಯಾಟ್ರಿಕ್ಸ್, ಅಂದರೆ ವೃದ್ಧಾಪ್ಯ ವೈದ್ಯಕೀಯ ಎಂಬ ವಿಭಾಗ ಇರುವುದೇ ಅದಕ್ಕೆ. ಅದು ನಮ್ಮ ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಇರಬೇಕು, ಅಲ್ಲಿ ಓದುವ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಅದರ ವಾರ್ಡಿನಲ್ಲಿ ನಿಂತು ಕಲಿತೇ ಹೊರಬರಬೇಕು ಎಂಬುದು ನನ್ನ ಒತ್ತಾಯ.

ಈ ತರಬೇತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಕೌಂಟರಿನಲ್ಲಿ ನಿಂತವರಿಗೆ ಕಣ್ಣಿಗೆ ಕಾಣುತ್ತದೆ. ಹೊಟ್ಟೆಯುಬ್ಬರ, ಹುಳಿತೇಗು ಎಂದು ಬರುವವರಿಗೆ ಬರೆಯುವ ಗ್ಯಾಸ್ ಕ್ಯಾಪ್ಸೂಲುಗಳಲ್ಲಿ ಕೆಲವಕ್ಕೆ ಲೆವೋಸಲ್ಪಿರೈಡ್ ಎಂಬ ಔಷಧ ಬೆರೆತಿರುತ್ತದೆ. ಕೆಲವು ದಿನಕ್ಕೆ ತೆಗೆದುಕೊಂಡರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ನಮ್ಮ ಹಿರಿಯರು ಒಮ್ಮೆ ಹಿತವೆನಿಸಿದ್ದನ್ನು ಬಿಡುವುದಿಲ್ಲ, ತಿಂಗಳುಗಟ್ಟಲೆ ನುಂಗುತ್ತಾರೆ. ಈ ಔಷಧ ಮಿದುಳಿನಲ್ಲಿ ಡೋಪಮಿನ್ ಕೆಲಸವನ್ನು ತಡೆಯುತ್ತದೆ. ವಯಸ್ಸಾದವರಲ್ಲಿ ಡೋಪಮಿನ್ ಮೊದಲೇ ಕಡಿಮೆ. ನಿಧಾನಕ್ಕೆ ಕೈ ನಡುಗಲು ಶುರುವಾಗುತ್ತದೆ, ನಡಿಗೆ ಕಿರಿದಾಗುತ್ತದೆ, ಮುಖದಲ್ಲಿ ಭಾವ ಕಡಿಮೆಯಾಗುತ್ತದೆ. ಮನೆಯವರು ನರದ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಗ್ಯಾಸ್ ಮಾತ್ರೆಯ ಸುದ್ದಿಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ, ಏಕೆಂದರೆ ಗ್ಯಾಸ್ ಮಾತ್ರೆಯನ್ನು ಯಾರೂ ಮಾತ್ರೆ ಎಂದೇ ಎಣಿಸುವುದಿಲ್ಲ. ಪಾರ್ಕಿನ್ಸನ್ ಎಂದು ಲೆವೊಡೋಪ ಶುರುವಾಗುತ್ತದೆ. ಅದಕ್ಕೆ ಎದ್ದುನಿಂತಾಗ ರಕ್ತದೊತ್ತಡ ಇಳಿಸುವ ಗುಣವಿದೆ. ಬಿಪಿ ಮಾತ್ರೆ ಬೇರೆ ಇದ್ದೇ ಇರುತ್ತದೆ. ತಲೆ ಗಿರ್ರೆನ್ನುತ್ತದೆ ಎಂದರೆ ಸಿನ್ನರಿಜಿನ್ ಎಂಬ ತಲೆಸುತ್ತಿನ ಮಾತ್ರೆ ಸೇರುತ್ತದೆ. ಅದೂ ನಡುಕ, ಬಿಗಿತ ತರಬಲ್ಲ ಔಷಧವೇ. ಕೊನೆಗೆ ಒಂದು ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ.

ಮೊದಲ ಕ್ಯಾಪ್ಸೂಲನ್ನು ನಿಲ್ಲಿಸಿದ್ದರೆ ಹೆಚ್ಚಿನವರ ನಡುಕ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಇಳಿದುಹೋಗುತ್ತಿತ್ತು. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಕೊಡುವ ಈ ಸರಪಳಿಯನ್ನು ವೈದ್ಯಶಾಸ್ತ್ರ ಚೆನ್ನಾಗಿ ಗುರುತಿಸಿದೆ. ಹಿರಿಯರಿಗೆ ಕೊಡಬಾರದ, ಕೊಟ್ಟರೂ ಎಚ್ಚರದಿಂದ ಕೊಡಬೇಕಾದ ಔಷಧಗಳ ಪಟ್ಟಿಯನ್ನು ಅಮೆರಿಕದ ಮಾರ್ಕ್ ಬೀರ್ಸ್ 1991ರಲ್ಲೇ ಸಿದ್ಧಪಡಿಸಿದರು. ಅಲ್ಲಿನ ಜೆರಿಯಾಟ್ರಿಕ್ಸ್ ಸೊಸೈಟಿ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದೆ. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಆ ಪಟ್ಟಿಯಲ್ಲಿದೆ. ಅದರ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ, ಊಟ ತಪ್ಪಿದರೆ ಸಕ್ಕರೆ ಕುಸಿಯುತ್ತದೆ. ಹರೆಯದವರಿಗಾದರೆ ಬೆವರು, ನಡುಕ ಬಂದು ಎಚ್ಚರಿಸುತ್ತವೆ. ಹಿರಿಯರು ಎಷ್ಟೋ ಸಲ ಸುಮ್ಮನೆ ಏನೇನೋ ಮಾತಾಡತೊಡಗುತ್ತಾರೆ, ಮನೆಯವರು ಅರಳುಮರಳು ಎಂದುಕೊಂಡು ಮಲಗಿಸುತ್ತಾರೆ. ಶೀತಕ್ಕೆಂದು ಕೊಡುವ ಕ್ಲೋರ್‌ಫೆನಿರಮೈನ್ ಕೂಡ ಪಟ್ಟಿಯಲ್ಲಿದೆ: ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ಮಂಪರು ಕವಿಯುತ್ತದೆ. ಅದು ಅತಿ ಅಗ್ಗದ ಮಾತ್ರೆ, ಎಲ್ಲ ಕಡೆಯೂ ಸಿಗುತ್ತದೆ.

ಇನ್ನೊಂದು ಲೆಕ್ಕವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. 78 ವರ್ಷದ, 42 ಕಿಲೋ ತೂಕದ ಅಜ್ಜಿ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1. ಲ್ಯಾಬಿನವರು ನಾರ್ಮಲ್ ಎಂದೇ ಕೊಡುತ್ತಾರೆ. ಆದರೆ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಅಜ್ಜಿಯ ಮೈಯಲ್ಲಿ ಮಾಂಸವೇ ಉಳಿದಿಲ್ಲ. ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರಕ್ಕೆ ವಯಸ್ಸು, ತೂಕ ಹಾಕಿ ನೋಡಿದರೆ ಆಕೆಯ ಮೂತ್ರಪಿಂಡ ನಿಮಿಷಕ್ಕೆ ಸುಮಾರು 28 ಮಿಲಿಲೀಟರಿನಷ್ಟು ಮಾತ್ರ ಶುದ್ಧಿ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಗಟ್ಟಿಮುಟ್ಟಾದ ಹರೆಯದವರಲ್ಲಿ ಇದು ನೂರರ ಆಸುಪಾಸು ಇರುತ್ತದೆ. ಈ ಅಜ್ಜಿಗೆ ಮಂಡಿನೋವಿಗೆಂದು ಡೈಕ್ಲೋಫೆನಾಕ್ ಕೊಟ್ಟರೆ ಏನಾದೀತು ಎಂಬುದನ್ನು ಹೇಳಬೇಕಾಗಿಲ್ಲ. ಸೂತ್ರ 1976ರಷ್ಟು ಹಳೆಯದು, ಲೆಕ್ಕಕ್ಕೆ ಒಂದು ನಿಮಿಷ ಸಾಕು. ಆದರೆ ಆ ಲೆಕ್ಕ ಮಾಡಬೇಕು ಎಂದು ತೋಚುವುದಕ್ಕೆ ಒಬ್ಬ ಗುರು ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ಮತ್ತೆ ಮತ್ತೆ ಮಾಡಿಸಿರಬೇಕು.

ಆ ಬೆಂಗಳೂರಿನ ತಜ್ಞೆ ಏನೇನು ನೋಡಿದರು ಎಂದು ಯಜಮಾನರ ಮಗಳನ್ನು ವಿವರವಾಗಿ ಕೇಳಿದ್ದೆ. ಮಲಗಿಸಿ ಬಿಪಿ ನೋಡಿದರಂತೆ, ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದರಂತೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಗಡಿಯಾರ ಹಿಡಿದು ಅಳೆದರಂತೆ. ಹಲ್ಲು, ಕಿವಿ, ಚಪ್ಪಲಿ ಎಲ್ಲ ನೋಡಿದರಂತೆ. ಸ್ನಾನ ಯಾರು ಮಾಡಿಸುತ್ತಾರೆ, ದುಡ್ಡಿನ ಲೆಕ್ಕ ಈಗಲೂ ಅವರೇ ಇಡುತ್ತಾರೋ, ಹೆಂಡತಿ ತೀರಿಕೊಂಡ ಮೇಲೆ ಊಟ ಹೇಗೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಿದೆ ಎಂದು ಕೇಳಿದರಂತೆ. ಮುಕ್ಕಾಲು ಗಂಟೆ ಹಿಡಿಯಿತು ಎಂದಳು ಮಗಳು. ಇದು ಆ ವೈದ್ಯೆಯ ಒಳ್ಳೆಯತನ ಎಂದು ಆಕೆ ತಿಳಿದಿದ್ದಳು. ಒಳ್ಳೆಯವರೇ ಇರಬೇಕು. ಆದರೆ ಅವರು ಮಾಡಿದ್ದು ಕಲಿತು ಮಾಡುವ ಕೆಲಸ, ಮೂರು ವರ್ಷದ ಎಂಡಿ ಓದಿನಲ್ಲಿ ಹಂತಹಂತವಾಗಿ ಕಲಿಸುವ ಪರೀಕ್ಷಾಕ್ರಮ. ಬ್ರಿಟನ್ನಿನ ಬರ್ನಾರ್ಡ್ ಐಸಾಕ್ಸ್ ಇದರ ಮೂಲಪಾಠವನ್ನು ನಾಲ್ಕು ಮಾತಿನಲ್ಲಿ ಕಟ್ಟಿಕೊಟ್ಟಿದ್ದರು: ಓಡಾಟ ನಿಲ್ಲುವುದು, ಬೀಳುವುದು, ಮಲಮೂತ್ರದ ಹಿಡಿತ ತಪ್ಪುವುದು, ಬುದ್ಧಿ ಮಂಕಾಗುವುದು. ಹಿರಿಯರಲ್ಲಿ ಯಾವ ರೋಗ ಬಂದರೂ ಈ ನಾಲ್ಕರಲ್ಲಿ ಒಂದರ ವೇಷ ಹಾಕಿಕೊಂಡು ಬರುತ್ತದೆ. ಮೂತ್ರದ ಸೋಂಕು ಜ್ವರವಿಲ್ಲದೆ ಬರೀ ಗೊಂದಲವಾಗಿ ಬರಬಹುದು, ಹೃದಯಾಘಾತ ಎದೆನೋವಿಲ್ಲದೆ ಬರೀ ಸುಸ್ತಾಗಿ ಬರಬಹುದು. ವಯಸ್ಸಾಯಿತಲ್ಲ ಎಂದು ಕೈಬಿಡುವ ಮೊದಲು ವೇಷದ ಹಿಂದಿರುವುದನ್ನು ಹುಡುಕಬೇಕು.

ಹೀಗೆ ಹುಡುಕಿದವರಲ್ಲಿ ಮೊದಲಿಗರು ಮಾರ್ಜರಿ ವಾರೆನ್ ಎಂಬ ವೈದ್ಯೆ. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಚಿಕಿತ್ಸಾಲಯವನ್ನು ವಹಿಸಿಕೊಂಡಾಗ ಅಲ್ಲಿದ್ದ 714 ರೋಗಿಗಳ ಹೊಣೆ ಅವರ ಪಾಲಿಗೆ ಬಂತು. ಅವರಲ್ಲಿ ಬಹಳಷ್ಟು ಜನ ಗುಣವಾಗದ ಮುದುಕರೆಂದು ಹಾಸಿಗೆಯಲ್ಲೇ ಬಿಟ್ಟುಹೋದವರು. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿದರು, ಹಾಸಿಗೆಯಿಂದ ಎಬ್ಬಿಸಿ ನಡೆಸಿದರು, ವಾರ್ಡಿಗೆ ಬಣ್ಣ, ಬೆಳಕು ತಂದರು. ಮಲಗಿಯೇ ಸಾಯುತ್ತಾರೆ ಎಂದುಕೊಂಡಿದ್ದ ಎಷ್ಟೋ ಮಂದಿ ಎದ್ದು ಮನೆಗೆ ಹೋದರು. 1943ರಲ್ಲೂ 1946ರಲ್ಲೂ ಅವರು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದ ಲೇಖನಗಳ ಒತ್ತಾಯ, ಇದು ಪ್ರತ್ಯೇಕ ವಿಭಾಗವಾಗಬೇಕು, ವಿದ್ಯಾರ್ಥಿಗಳಿಗೆ ಇದನ್ನು ಕಲಿಸಬೇಕು ಎಂಬುದೇ ಆಗಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಚೆನ್ನೈಯಲ್ಲಿ, ಬ್ರಿಟನ್ನಿನಲ್ಲಿ ತರಬೇತಿ ಪಡೆದು ಬಂದ ಡಾ. ವಿ.ಎಸ್. ನಟರಾಜನ್ 1978ರಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಹಿರಿಯರಿಗೆಂದೇ ಹೊರರೋಗಿ ವಿಭಾಗ ಶುರುಮಾಡಿದರು. ಹತ್ತು ವರ್ಷದ ಮೇಲೆ ವಾರ್ಡ್ ಬಂತು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ಎಂಡಿ ಜೆರಿಯಾಟ್ರಿಕ್ಸ್ ಕೋರ್ಸ್ ಆರಂಭವಾಯಿತು. 2024ರಲ್ಲಿ ಗಿಂಡಿಯಲ್ಲಿ 200 ಹಾಸಿಗೆಯ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ ತೆರೆಯಿತು. ಒಂದು ಸರ್ಕಾರಿ ಆಸ್ಪತ್ರೆಯ ಒಂದು ಕೋಣೆಯಿಂದ ಹೊರಟದ್ದು ಅಲ್ಲಿಯವರೆಗೆ ಬೆಳೆಯಿತು. ಬೆಳೆಯಲು ಕಾರಣ ಅಲ್ಲಿ ಪಾಠ ಇತ್ತು, ಪಾಠ ಕಲಿತವರು ಮತ್ತೆ ಕಲಿಸುವವರಾದರು.

ನಮ್ಮ ರಾಜ್ಯದಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕ್ಕೆ ಪ್ರತ್ಯೇಕ ಘಟಕವಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿ ಬಹುಕಾಲದಿಂದ ದುಡಿಯುತ್ತಿದೆ. ದೊಡ್ಡ ಊರಿನ ಕೆಲವು ಕಾಲೇಜುಗಳಲ್ಲಿ ಜೆರಿಯಾಟ್ರಿಕ್ಸ್ ಕಲಿಸುತ್ತಾರೆ. ಆದರೆ 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಈಗ ಆ ಸಂಖ್ಯೆ ಎಷ್ಟೋ ಮುಂದೆ ಹೋಗಿದೆ. ನಮ್ಮ ಕಡೆ ಹಳ್ಳಿಗೆ ಹೋದರೆ ಕಾಣುವವರೇ ಅವರು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇಷ್ಟು ಜನಕ್ಕೆ ತಜ್ಞರನ್ನು ಒದಗಿಸಿಯೇ ತೀರುತ್ತೇವೆ ಎಂದರೆ ಯಾವ ಸರ್ಕಾರದ ಕೈಲೂ ಆಗದು. ಇಲ್ಲಿ ತಜ್ಞ ಎಂದರೆ ಮೊದಲು ಮೇಷ್ಟ್ರು. ಅವರು ಕಾಲೇಜಿನಲ್ಲಿದ್ದರೆ ವರ್ಷಕ್ಕೆ ನೂರೈವತ್ತು ಹುಡುಗ ಹುಡುಗಿಯರು ಅವರ ಕೈಕೆಳಗೆ ಕಲಿತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುತ್ತಾರೆ.

ಈಗ ಅವರು ಏನು ಕಲಿತು ಬರುತ್ತಾರೆ? 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಜೆರಿಯಾಟ್ರಿಕ್ಸ್ ಇದೆ. ಜನರಲ್ ಮೆಡಿಸಿನ್ನಿನ ಹಲವು ಅಧ್ಯಾಯಗಳಲ್ಲಿ ಒಂದು ಅಧ್ಯಾಯವಾಗಿ. ಮಕ್ಕಳ ವಿಭಾಗಕ್ಕಾದರೆ ಬೇರೆ ವಾರ್ಡು, ಬೇರೆ ಪ್ರೊಫೆಸರು, ಬೇರೆ ಪರೀಕ್ಷೆ, ಇಂಟರ್ನ್‌ಶಿಪ್ಪಿನಲ್ಲಿ ಕಡ್ಡಾಯ ಪೋಸ್ಟಿಂಗ್ ಎಲ್ಲ ಇದೆ. ಅದರ ಫಲವನ್ನು ನಾನು ದಿನವೂ ನೋಡುತ್ತೇನೆ. ಮಗುವಿಗೆ ಔಷಧ ಬರೆಯುವಾಗ ಯಾವ ವೈದ್ಯರೂ ತೂಕ ನೋಡದೆ ಬರೆಯುವುದಿಲ್ಲ, ಚೀಟಿಯ ಮೂಲೆಯಲ್ಲಿ ಹನ್ನೊಂದು ಕಿಲೋ, ಹದಿಮೂರು ಕಿಲೋ ಎಂದು ಇದ್ದೇ ಇರುತ್ತದೆ. 42 ಕಿಲೋದ ಅಜ್ಜಿಯ ಚೀಟಿಯಲ್ಲಿ ತೂಕ ಬರೆದದ್ದನ್ನು ನಾನು ಕಾಣುವುದು ಅಪರೂಪ. ಮಗು ಚಿಕ್ಕ ಗಾತ್ರದ ದೊಡ್ಡವರಲ್ಲ ಎಂಬ ಅರಿವು ವೈದ್ಯರ ಕೈಗೆ ಇಳಿದದ್ದು ಆ ಕಡ್ಡಾಯ ಪೋಸ್ಟಿಂಗಿನಿಂದ.

ಫಿಸಿಷಿಯನ್‌ಗಳ ಬಳಿ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರೇ, ಅವರಿಗೆ ಇದು ಗೊತ್ತಿಲ್ಲವೇ, ಬೇರೆ ವಿಭಾಗ ಯಾಕೆ ಎಂದು ನಮ್ಮೂರಿನ ಹಿರಿಯ ವೈದ್ಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಅನುಭವದ ಮೇಲೆ ನನಗೆ ಗೌರವವಿದೆ. ಅವರು ಹಿರಿಯರನ್ನು ನಿಜಕ್ಕೂ ಚೆನ್ನಾಗಿ ನೋಡುತ್ತಾರೆ. ಆದರೆ ಅವರಿಗೆ ಅದು ಬರಲು ಮೂವತ್ತು ವರ್ಷ ಬೇಕಾಯಿತು. ಇವತ್ತು ಕೆಲಸಕ್ಕೆ ಸೇರಿದ ವೈದ್ಯೆಗೆ ಅದು ಮೊದಲ ದಿನದಿಂದ ಬೇಕು. ಆಕೆ ಬೆಳಗಿನ ಒಪಿಡಿಯಲ್ಲಿ ನೂರು ಜನರನ್ನು ನೋಡಬೇಕು. ಮುಕ್ಕಾಲು ಗಂಟೆ ಆಕೆಗೆ ಸಿಗುವುದಿಲ್ಲ, ನಿಜ. ನೂರರಲ್ಲಿ ಯಾವ ಇಬ್ಬರನ್ನು ಮಾತ್ರೆಯ ಕವರಿನೊಂದಿಗೆ ಇನ್ನೊಂದು ದಿನ ಬರಹೇಳಬೇಕು ಎಂಬುದು ತರಬೇತಿಯಿದ್ದರೆ ಹೊಳೆಯುತ್ತದೆ.

ಹೆಂಗಸರ ಒಂದು ಸಂಗತಿಯನ್ನು ಬರೆಯದೆ ಇರಲಾರೆ. ಅಂಗಡಿಯಲ್ಲಿ ಗಂಡಸರು ಇಲ್ಲದ ಹೊತ್ತು ನೋಡಿ ಬರುವ ಅಜ್ಜಿಯರಿದ್ದಾರೆ. ಕೆಮ್ಮಿದರೆ, ನಕ್ಕರೆ, ಎದ್ದರೆ ಮೂತ್ರ ಹೋಗುತ್ತದೆ, ಸೀರೆ ಒದ್ದೆಯಾಗುತ್ತದೆ ಎಂದು ಪಿಸುಮಾತಿನಲ್ಲಿ ಹೇಳುತ್ತಾರೆ. ಮದುವೆ ಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ, ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ಬಸ್ಸು ಹತ್ತುವುದನ್ನು ಬಿಟ್ಟಿದ್ದಾರೆ. ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ, ಅದರಿಂದ ಸೋಂಕು ಹೆಚ್ಚುತ್ತದೆ. “ಡಾಕ್ಟ್ರಿಗೆ ಹೇಳಿದ್ರಾ ಅಜ್ಜಿ” ಎಂದರೆ, “ಅವ್ರು ಕೇಳ್ಲಿಲ್ಲ ಕಣವ್ವ, ನಾನೆಂಗೆ ಹೇಳ್ಲಿ” ಎನ್ನುತ್ತಾರೆ. ಎಷ್ಟೋ ಜನಕ್ಕೆ ಇದು ಸ್ನಾಯುವಿನ ವ್ಯಾಯಾಮದಿಂದ, ಮಲಬದ್ಧತೆ ಸರಿಪಡಿಸುವುದರಿಂದ, ನೀರಿನ ಮಾತ್ರೆಯ ಹೊತ್ತು ಬದಲಿಸುವುದರಿಂದ ಸುಧಾರಿಸುತ್ತದೆ. ಕೇಳುವ ರೂಢಿಯನ್ನು ಕಲಿಸಬೇಕು. ಜೆರಿಯಾಟ್ರಿಕ್ಸ್ ಓದಿದವರು ಪ್ರತಿ ಹಿರಿಯರಲ್ಲೂ ಇದನ್ನು ತಾವಾಗಿಯೇ ಕೇಳುತ್ತಾರೆ.

ಕೇಂದ್ರದ ಹಿರಿಯರ ಆರೋಗ್ಯ ಕಾರ್ಯಕ್ರಮ 2010ರಿಂದ ಇದೆ. ಅದರ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್ ನಡೆಯಬೇಕು. ಯೋಜನೆ ಸರಿಯಾಗಿಯೇ ಇದೆ. ಅಲ್ಲಿ ಕೂರಲು ಕಲಿತವರು ಬೇಕು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ ವಿಸ್ತರಿಸಿ ಐದು ಲಕ್ಷ ರೂಪಾಯಿವರೆಗಿನ ರಕ್ಷಣೆ ಘೋಷಿಸಿದ್ದು ದೊಡ್ಡ ಹೆಜ್ಜೆ. ಆದರೆ ಅದು ಆಸ್ಪತ್ರೆಗೆ ಸೇರಿದವರ ಖರ್ಚಿಗೆ. ಸೊಂಟ ಮುರಿದ ಮೇಲೆ ಶಸ್ತ್ರಚಿಕಿತ್ಸೆಗೆ ಹಣವಿದೆ. ಬೀಳದಂತೆ ನೋಡಿಕೊಳ್ಳುವ ಮುಕ್ಕಾಲು ಗಂಟೆಗೆ ಹಣವಿಲ್ಲ. ಈ ವಿಭಾಗದಲ್ಲಿ ಸ್ಟೆಂಟ್ ಇಲ್ಲ, ಸ್ಕೋಪ್ ಇಲ್ಲ, ಆಪರೇಷನ್ ಇಲ್ಲ. ದುಡ್ಡು ತರದ ವಿಭಾಗವನ್ನು ಖಾಸಗಿಯವರು ತಾವಾಗಿ ಬೆಳೆಸುವುದಿಲ್ಲ, ಹುಷಾರಿ ಹುಡುಗರು ಆ ಸೀಟನ್ನು ಆರಿಸಿಕೊಳ್ಳುವುದಿಲ್ಲ. ಅದಕ್ಕೇ ಇದನ್ನು ಸರ್ಕಾರವೇ ಮಾಡಬೇಕು. ಮಾತ್ರೆ ಕಡಿಮೆಯಾದರೆ ನನ್ನ ವ್ಯಾಪಾರವೂ ಕಡಿಮೆಯಾಗುತ್ತದೆ. ಆಗಲಿ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಲೆಕ್ಕ ಹಾಕಿಯೇ ಈ ಮಾತು ಬರೆಯುತ್ತಿದ್ದೇನೆ.

ರಾಜ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಾಸನ, ಶಿವಮೊಗ್ಗ, ಗದಗ, ಕೊಪ್ಪಳದಂಥ ಜಿಲ್ಲಾ ಕಾಲೇಜುಗಳಿಂದ ಶುರುಮಾಡಿ, ಅಲ್ಲಿ ವಾರ್ಡ್, ಇಬ್ಬರು ಬೋಧಕರು, ಫಿಸಿಯೊಥೆರಪಿಸ್ಟ್, ವರ್ಷಕ್ಕೆ ಎರಡು ಎಂಡಿ ಸೀಟು ಕೊಡಬಹುದು. ಆ ಸೀಟಿನಲ್ಲಿ ಒಂದನ್ನು ಆಗಲೇ ತಾಲ್ಲೂಕಿನಲ್ಲಿ ಸೇವೆಯಲ್ಲಿರುವ ಸರ್ಕಾರಿ ವೈದ್ಯರಿಗೆ ಮೀಸಲಿಟ್ಟು, ಮುಗಿಸಿ ಬಂದಾಗ ಜಿಲ್ಲಾ ಆಸ್ಪತ್ರೆಯಲ್ಲಿ ಅದೇ ಹೆಸರಿನ ಹುದ್ದೆ ಖಾತ್ರಿ ಮಾಡಬೇಕು. ಹುದ್ದೆಯಿಲ್ಲದೆ ಸೀಟು ಕೊಟ್ಟರೆ ಯಾರೂ ಬರುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲೇ ಬಂದಿದೆ. ಕಾರ್ಯಕ್ರಮದ ಹಾಳೆಯಲ್ಲಿರುವ ಹತ್ತು ಹಾಸಿಗೆಗೆ ಅವರಿಂದಲೇ ಜೀವ ಬರುತ್ತದೆ. ಈಗಾಗಲೇ ಕೆಲಸದಲ್ಲಿರುವ ಎಂಬಿಬಿಎಸ್ ವೈದ್ಯರಿಗೆ ಇಗ್ನೋ ರೂಪಿಸಿದ ಒಂದು ವರ್ಷದ ಜೆರಿಯಾಟ್ರಿಕ್ಸ್ ಡಿಪ್ಲೊಮಾದ ಮಾದರಿ ಕಣ್ಣಮುಂದಿದೆ. ಅಂಥದ್ದನ್ನು ರಜೆ, ಶುಲ್ಕದ ಚಿಂತೆಯಿಲ್ಲದೆ ಮಾಡಲು ಬಿಡಬೇಕು.

ಇಂಟರ್ನಿಗಳಿಗೆ ಕಡೇಪಕ್ಷ ಎರಡು ವಾರ ಈ ವಿಭಾಗ ಕಡ್ಡಾಯವಾಗಲಿ. ಅದರಲ್ಲಿ ಒಂದು ದಿನ ಅವರನ್ನು ತಾಲ್ಲೂಕಿನ ಔಷಧ ಅಂಗಡಿಗಳಿಗೆ ಕಳಿಸಿಕೊಡಿ. ನಮ್ಮಲ್ಲಿ ಬೆಂಚಿದೆ, ತೂಕದ ಯಂತ್ರವಿದೆ, ಬಿಪಿ ಮಿಷನ್ ಇದೆ. ಹಿರಿಯರು ಕವರ್ ಬಿಚ್ಚಿ ಸುರಿದಾಗ ಪಕ್ಕದಲ್ಲಿ ಕೂತು ಒಂದೊಂದು ಷೀಟನ್ನೂ ಕೈಗೆತ್ತಿಕೊಂಡು ಇದು ಯಾಕೆ, ಯಾರು ಬರೆದದ್ದು, ಯಾವಾಗಿನಿಂದ ಎಂದು ಕೇಳಿ ಬರೆದುಕೊಳ್ಳಲಿ. ಸಂತೆಯ ದಿನವಾದರೆ ಒಳ್ಳೆಯದು, ಸುತ್ತಲ ಹಳ್ಳಿಯವರು ಅವತ್ತೇ ಹೆಚ್ಚು ಬರುತ್ತಾರೆ.